ಹಸಿರು ದೀಪದ ಕುರ್ಚಿ

ಭಾನುವಾರ ಬಂತೆಂದರೆ ಶಿವದೇವಿ ಸೂರ್ಯನಿಗಿಂತ ಮೊದಲೇ ಏಳುತ್ತಿದ್ದಳು. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇಷ್ಟನ್ನೂ ಡಬ್ಬಿಗೆ ತುಂಬಿ, ಗಂಡ ವೈಜನಾಥನ ಗಾಡಿಯ ಹಿಂದೆ ಕೂತು ಲಿಂಗಂಪಲ್ಲಿಯ ಮನೆಯಿಂದ ಮಗನ ಕಾಲೇಜಿಗೆ ಹೊರಡಬೇಕು. ಕಾಲೇಜೆಂದರೆ ಊರ ಹೊರಗಿನ ಎತ್ತರದ ಕಟ್ಟಡ, ಕಿಟಕಿಗಳಿಗೆಲ್ಲ ಕಬ್ಬಿಣದ ಜಾಳಿಗೆ. ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗಿ ಐಐಟಿ ಪರೀಕ್ಷೆಗೆ ಓದುತ್ತಿದ್ದರು. ಭಾನುವಾರ ಮಧ್ಯಾಹ್ನ ಮಾತ್ರ ಗೇಟು ತೆರೆಯುತ್ತಿತ್ತು. ಆಗ ಕಾಂಪೌಂಡಿನ ನೆರಳಿನುದ್ದಕ್ಕೂ ಚಾಪೆ ಹಾಸಿಕೊಂಡು ಕೂತ ತಾಯಂದಿರನ್ನು ನೋಡಬೇಕು. ತೆಲುಗಿನವರು, ಮರಾಠಿಯವರು, ಇವರಂಥ ಜೇವರ್ಗಿ ಕಡೆಯವರು. ಭಾಷೆ ಬೇರೆಯಾದರೂ ಎಲ್ಲರ ಬಾಯಲ್ಲೂ ಒಂದೇ ಮಾತು. ತಿನ್ನು, ಇನ್ನೊಂದು ತುತ್ತು ತಿನ್ನು.

ಆ ಭಾನುವಾರ ಶಾಂತಕುಮಾರ ರೊಟ್ಟಿ ಮುರಿದಿಟ್ಟುಕೊಂಡು ತಿನ್ನದೆ ಕೂತ. ಹದಿನೇಳರ ಹುಡುಗನ ಕೊರಳೆಲುಬು ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು.

"ಯಾಕಪ್ಪಾ, ಖಾರ ಆಗೈತೇನು?"

ಹುಡುಗ ಇಲ್ಲವೆಂದು ತಲೆಯಾಡಿಸಿ ಬಲಗೈ ಮೇಲೆತ್ತಿದ. "ನೀರು ಕುಡೀಲಾ?"

"ಕುಡಿ. ಅದಕ್ಕ ಕೈ ಎತ್ತೂದ್ಯಾಕ? ನಾ ಏನ್ ನಿನ್ನ ಸರ್ ಏನು?"

ವೈಜನಾಥ ನಕ್ಕುಬಿಟ್ಟ. "ಶಿಸ್ತಂದ್ರ ಇದು ನೋಡು. ಸುಮ್ಮನ ರೊಕ್ಕ ತಗೊಂಡಿಲ್ಲ ಅವರು."

ಮಗಳು ಐಶ್ವರ್ಯಾ ನಗಲಿಲ್ಲ. ತಮ್ಮ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದ. ಅವಳು ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

ಐಶ್ವರ್ಯಾ ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅವಳು ಅಲ್ಲಿಗೆ ಸೇರುತ್ತೇನೆಂದಾಗ ಮನೆಯಲ್ಲಿ ಒಲೆ ಹತ್ತದಷ್ಟು ಜಗಳವಾಗಿತ್ತು. ಕೊನೆಗೆ ವೈಜನಾಥ, "ಒಬ್ಬಾಕಿ ಹಾಳಾದ್ಳು, ಇನ್ನೊಬ್ಬನ್ನರ ಉಳಿಸ್ಕೋತೀನಿ" ಅಂದು ಮಗನನ್ನು ಜಾಳಿಗೆಯ ಕಟ್ಟಡಕ್ಕೆ ಹಾಕಿದ್ದ. ಅಕ್ಕನ ಬಿಡುಗಡೆಗೆ ತಮ್ಮ ಜಾಮೀನು ಬಿದ್ದ ಹಾಗಾಗಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ವರ್ಷದ ಕೊನೆಯ ಪ್ರದರ್ಶನಕ್ಕೆ ಅವಳು ಚಿತ್ರ ಬರೆಯಲಿಲ್ಲ, ಒಂದು ಕೋಣೆ ಕಟ್ಟಲು ಹೊರಟಳು. ಪ್ಲೈವುಡ್ಡಿನ ಗೋಡೆ, ಒಂದು ಮೇಜು, ಒಂದು ಕುರ್ಚಿ. ನೋಡಲು ಬಂದವರು ಒಳಗೆ ಹೋಗಿ ಕೂರಬೇಕು. ಕೂತರೆ ಹೊರಗೆ ಹಸಿರು ದೀಪ. ಎದ್ದರೆ ಕೆಂಪು ದೀಪ, ಜೊತೆಗೆ ಗಂಟೆ. ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಒಳಗಿದ್ದವರು ಕೈ ಎತ್ತಬೇಕು, ಹೊರಗೆ ನಿಂತವರಿಗೆ ಮನಸ್ಸು ಬಂದರೆ ಗುಂಡಿ ಒತ್ತಬೇಕು. ಆ ಕೋಣೆಗೆ 'ಸ್ಟಡಿ ಅವರ್' ಎಂದು ಹೆಸರಿಟ್ಟಳು.

"ಇದಕ್ಕ ಇನ್‌ಸ್ಟಲೇಶನ್ ಅಂತಾರಪ್ಪಾ. ದೂರ ನಿಂತು ನೋಡೂದಲ್ಲ. ಮಂದಿ ಬಂದು ಕುಂತ್ರನ ಅದು ಪೂರ್ತಿ ಆಗೂದು."

"ಅಂದ್ರ ಕುಂದ್ರವರು ಅವರು, ಮಾರ್ಕ್ಸ್ ನಿನಗ. ಬೇಷ್ ಐತಿ."

ಅಂದನೇನೋ ಅಂದ, ಆದರೆ ತಂತಿ ಎಳೆದು ಕೊಟ್ಟವನು ಅವನೇ. ವೈಜನಾಥ ಕೊಂಡಾಪುರ, ಮಣಿಕೊಂಡದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಒಳಗೆ ಮನುಷ್ಯ ನಿಂತಿದ್ದಾನೋ ಇಲ್ಲವೋ ಎಂದು ಲಿಫ್ಟಿಗೆ ತಿಳಿಯುವುದು ಹೇಗೋ, ಅದನ್ನೇ ಕುರ್ಚಿಯ ಅಡಿಗೆ ಕೂಡಿಸಿದ. ಸಂಜೆ ಕೆಲಸದಿಂದ ಬಂದು ಚಹಾ ಕುಡಿದು ಅಪ್ಪ-ಮಗಳು ಹಾಲ್‌ನಲ್ಲಿ ತಂತಿ ಹರವಿಕೊಂಡು ಕೂರುತ್ತಿದ್ದರು. ವರ್ಷಗಳ ಮೇಲೆ ಅವರಿಬ್ಬರೂ ಕೂಡಿ ನಗುವುದು ಕೇಳಿ ಶಿವದೇವಿಗೆ ಕಣ್ಣು ತುಂಬಿ ಬಂತು. ಅವರ ಸುತ್ತ ಬಿದ್ದ ತಂತಿಯ ಚೂರುಗಳನ್ನು ಬಳಿದು ಹಾಕುವಾಗಲೂ ಅವಳು ಗೊಣಗಲಿಲ್ಲ.

ಪ್ರದರ್ಶನದ ದಿನ ಶಾಂತಕುಮಾರನನ್ನು ಬಿಟ್ಟು ಮನೆಮಂದಿಯೆಲ್ಲ ಹೋದರು. ವೈಜನಾಥನ ಚಿಕ್ಕಪ್ಪ, ಬೇಗಂಬಜಾರಿನಲ್ಲಿ ಅಂಗಡಿಯಿದ್ದ ದತ್ತಾತ್ರೇಯ ಕಾಕಾನೂ ಬಂದಿದ್ದರು. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋಗಿ ಕೂತರು, ಹೊರಗಿದ್ದವರು ಗುಂಡಿ ಒತ್ತದೆ ಫೋಟೋ ಹಿಡಿದು ನಕ್ಕರು. ಒಳಗಿದ್ದವಳೊಬ್ಬಳು ಕೈ ಎತ್ತಿ ಎತ್ತಿ ಸೋತು ಅಳುವ ಹಾಗಾದಳು. ಬಂದಿದ್ದ ದೊಡ್ಡ ಕಲಾವಿದರು ತಲೆದೂಗಿ, ನಮ್ಮ ಶಿಕ್ಷಣದ ಮುಖಕ್ಕೆ ಹಿಡಿದ ಕನ್ನಡಿ ಎಂದರು, ಮೊದಲ ಬಹುಮಾನ ಕೊಟ್ಟರು.

ದತ್ತಾತ್ರೇಯ ಕಾಕಾ ಕುರ್ಚಿಯನ್ನು ಒಮ್ಮೆ ಸುತ್ತಿ ಬಂದು, "ವೈಜೂ, ಇದು ಮಸ್ತ್ ಚೀಜ್ ಐತಲ್ಲೋ! ನಮ್ಮ ಮೊಮ್ಮಗಳು ಒಂದ್ ಗಳಿಗಿ ಪುಸ್ತಕದ ಮುಂದ ಕುಂದ್ರಂಗಿಲ್ಲ. ಇಂಥಾದೊಂದು ಮಾಡಿ ಕೊಡಾಕ ಬರ್ತೈತೇನು?" ಅಂದರು.

ಐಶ್ವರ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೆಳತಿಯರನ್ನೆಲ್ಲ ಕರೆದು ಹೇಳಿದಳು. ಅಪ್ಪ ನಗುತ್ತಿಲ್ಲ ಎಂಬುದನ್ನು ಅವಳು ನೋಡಲಿಲ್ಲ. ಅವನು ಕುರ್ಚಿಯನ್ನೇ ನೋಡುತ್ತಿದ್ದ.

ಇದಾಗಿ ಸ್ವಲ್ಪ ದಿನಕ್ಕೆ ಮಗನ ಕಾಲೇಜಿನಿಂದ ಫೋನು ಬಂತು. ಹುಡುಗನಿಗೆ ಜ್ವರ, ಊಟ ಬಿಟ್ಟಿದ್ದಾನೆ, ಮಾತು ಕಡಿಮೆ, ಕರೆದುಕೊಂಡು ಹೋಗಿ. ಪರೀಕ್ಷೆಯ ತನಕ ಮನೆಯಲ್ಲೇ ಓದಲಿ, ವಾರದ ಟೆಸ್ಟು ಕಂಪ್ಯೂಟರಿನಲ್ಲಿ ಬರೆಯಲಿ ಎಂದರು. ಕಟ್ಟಿದ ಫೀಜಿನ ಮಾತು ಎತ್ತಿದರೆ, ಅದು ವಾಪಸು ಬರುವುದಿಲ್ಲವೆಂದು ತೆಲುಗಿನಲ್ಲಿ ಬಲು ಮರ್ಯಾದೆಯಿಂದ ಹೇಳಿದರು. ಮಾರ್ಕ್ಸ್ ಇಳಿದಂತೆಲ್ಲ ಮೇಲಿನ ಸೆಕ್ಷನ್ನಿನಿಂದ ಕೆಳಗಿನದಕ್ಕೆ, ಅಲ್ಲಿಂದ ಅದಕ್ಕೂ ಕೆಳಗಿನದಕ್ಕೆ ಹುಡುಗನನ್ನು ಇಳಿಸಿದ್ದರೆಂಬುದು ಮನೆಯವರಿಗೆ ಗೊತ್ತಾದದ್ದೇ ಅವತ್ತು.

ಮನೆಗೆ ಬಂದ ಶಾಂತಕುಮಾರ ಎರಡು ದಿನ ನಿದ್ದೆ ಮಾಡಿದ. ಎದ್ದವನಿಗೆ ಶಿವದೇವಿ ಬಿಸಿ ಹುಗ್ಗಿ ಬಡಿಸಿ ತುಪ್ಪ ಸುರಿದಳು. ಅವನು ಉಂಡ. ಅವನು ಉಂಡದ್ದು ನೋಡಿ ಅವಳಿಗೆ ತನ್ನ ಹೊಟ್ಟೆಯೇ ತುಂಬಿತು.

"ಇನ್ನೊಂದ್ ವಾರ ಮಲಗ್ಲಿ ಬಿಡ್ರೀ," ಅಂದಳು ಗಂಡನಿಗೆ.

"ಮಲಗ್ಲಿ. ಪರೀಕ್ಷಾನೂ ಮಲಗ್ತೈತೇನು ಅವನ ಸಂಗಟ?"

ಮರುದಿನ ವೈಜನಾಥ ಮಗನ ಕೋಣೆಯ ಕುರ್ಚಿಯನ್ನು ಬೋರಲು ಹಾಕಿಕೊಂಡು ಕೂತ. ಸಂಜೆಯೊಳಗೆ ಅಡಿಗೆಮನೆಯ ಗೋಡೆಗೆ, ಮಸಾಲೆ ಡಬ್ಬಿಗಳ ಮೇಲೆ, ಒಂದು ಹಸಿರು ದೀಪ ಒಂದು ಕೆಂಪು ದೀಪ ಬಂದವು. ಮಗ ಕೂತಿದ್ದರೆ ಹಸಿರು, ಎದ್ದರೆ ಕೆಂಪು ಮತ್ತು ಗಂಟೆ. ಊಟಕ್ಕೆ, ಬಚ್ಚಲಿಗೆ ಹೋಗುವಾಗ ಶಿವದೇವಿ ಒಂದು ಗುಂಡಿ ಒತ್ತಿ ಬಿಡುವು ಕೊಡಬೇಕು. ಅದೂ ಸ್ವಲ್ಪ ಹೊತ್ತಿಗೆ ಮಾತ್ರ.

ಐಶ್ವರ್ಯಾ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ದೀಪ ಕಂಡಳು.

"ಅಪ್ಪಾ, ಇದೇನಿದು?"

"ನಿಂದೇ ಐತಿ. ಬಾಗಲಾ ಮಾತ್ರ ಲಾಕ್ ಮಾಡಿಲ್ಲ. ನಾ ಏನ್ ಕಟುಕ ಅಲ್ಲ."

"ಅಪ್ಪಾ, ನಾ ಅದನ್ನ ಬೈಯಾಕಂತ ಮಾಡಿದ್ದು! ಅದು ಬೈಗುಳ, ಮಾಡ್ರಿ ಅಂತ ಹೇಳಿದ್ದಲ್ಲ!"

"ಬೈಗುಳ ಇದ್ರ ಬಹುಮಾನ ಯಾಕ ಕೊಟ್ರು? ಅಷ್ಟು ಶಾಣ್ಯಾ ಮಂದಿ ಚಪ್ಪಾಳಿ ಹೊಡದ್ರು. ಅವತ್ತು ಒಳಗ ಕುಂತ ಒಬ್ಬರಾದ್ರೂ ಎದ್ರೇನು? ನಾ ನೋಡೀನಿ. ಎಲ್ಲಾರೂ ಹಸರು ದೀಪದಾಗ ಬರೋಬ್ಬರಿ ಕುಂತಿದ್ರು."

ಅವಳು ಕಟ್ಟಿದ್ದು ಅಷ್ಟು ಚೆನ್ನಾಗಿತ್ತು, ಅದೇ ತಪ್ಪಾಗಿತ್ತು. ಅವಳು ಒಳಗೆ ಹೋಗಿ ಕುರ್ಚಿಯಡಿಯ ತಂತಿ ಕಿತ್ತು ಬಿಸಾಡಿದಳು. ವೈಜನಾಥ ಉಂಡು ಕೈ ತೊಳೆದು ಮತ್ತೆ ಕೂಡಿಸಿದ. ಮರುದಿನ ಅವಳು ಕಿತ್ತಳು, ಅವನು ಕೂಡಿಸಿದ. ನಡುವೆ ಶಾಂತಕುಮಾರ ಗೋಡೆಗೆ ಆತು ನಿಂತು, ಇಬ್ಬರ ಕೈಯಲ್ಲೂ ಇದ್ದ ತಂತಿ ನೋಡುತ್ತಿದ್ದ.

"ಬಿಡಕ್ಕಾ," ಅಂದ ಕೊನೆಗೆ. "ಅಲ್ಲಿಗಿಂತ ಇಲ್ಲೇ ಛಲೋ ಐತಿ. ಅಲ್ಲಿ ಅವ್ವ ಇರಲಿಲ್ಲ."

ಬಹುಮಾನದ ಕೋಣೆಗೆ ಪುಣೆಯಿಂದ ಕರೆ ಬಂತು, ಅಲ್ಲೊಂದು ದೊಡ್ಡ ಪ್ರದರ್ಶನ. ಐಶ್ವರ್ಯಾ ಹೋಗಲೋ ಬೇಡವೋ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಾಗ ಶಿವದೇವಿ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಹೋಗವ್ವಾ. ನಿನ್ನ ಕ್ವಾಣಿ ಊರೂರು ತಿರುಗಾಡ್ಲಿ. ಈ ಕ್ವಾಣಿ ನಾ ನೋಡ್ಕೋತೀನಿ." ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋದಳು. ಆಡಿದ ಮೇಲೆ ಶಿವದೇವಿಗೂ ನೋವಾಯಿತು, ಆದರೆ ಕರೆದು ಸಮಾಧಾನ ಹೇಳಲಿಲ್ಲ. ರೊಟ್ಟಿ ಸೀಯುತ್ತಿತ್ತು.

ಐಶ್ವರ್ಯಾ ಪುಣೆಗೆ ಹೋದ ಮೇಲೆ ಹಗಲೆಲ್ಲ ಮನೆಯಲ್ಲಿ ತಾಯಿ-ಮಗ ಇಬ್ಬರೇ. ಶಿವದೇವಿ ಒಗ್ಗರಣೆ ಹಾಕುವಾಗಲೂ ಒಂದು ಕಣ್ಣು ದೀಪದ ಮೇಲೆ. ಹಾಲು ಉಕ್ಕಿದ್ದು ಕಾಣದಿದ್ದರೂ ದೀಪ ಕೆಂಪಾದದ್ದು ಕಾಣುತ್ತಿತ್ತು. ಮೊದಮೊದಲು ಅವಳು ಗಂಟೆ ಬಡಿದರೂ ಗಂಡನಿಗೆ ಹೇಳುತ್ತಿರಲಿಲ್ಲ. ಅದು ವೈಜನಾಥನಿಗೆ ಹೇಗೋ ತಿಳಿಯಿತು. ಲಿಫ್ಟ್ ನಡುವೆ ಸಿಕ್ಕಿಬಿದ್ದರೆ ಮೆಕ್ಯಾನಿಕ್ಕಿನ ಫೋನಿಗೆ ಸುದ್ದಿ ಮುಟ್ಟಿಸುವ ಸಣ್ಣ ಪೆಟ್ಟಿಗೆಯಿರುತ್ತದೆ. ಅಂಥದೊಂದನ್ನು ತಂದು ಕುರ್ಚಿಗೆ ಹಚ್ಚಿದ. ಈಗ ಮಗ ಲಿಂಗಂಪಲ್ಲಿಯಲ್ಲಿ ಎದ್ದು ತುಸು ಹೊತ್ತು ಕೂರದಿದ್ದರೆ ಅಪ್ಪನ ಜೇಬು ಮಣಿಕೊಂಡದಲ್ಲಿ ಗುರ್ರೆನ್ನುತ್ತಿತ್ತು. ಕೂಡಲೇ ಹೆಂಡತಿಗೆ ಫೋನು.

"ಎದ್ದಾನಲ್ಲ? ಕುಂದ್ರಸು."

ಒಂದು ಮಧ್ಯಾಹ್ನ ಉಂಡ ಮೇಲೆ ಶಿವದೇವಿ ಮಜ್ಜಿಗೆ ಕೊಡಲು ಹೋದಾಗ ಮಗ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದ. ತಲೆ ಒಂದು ಕಡೆ, ಪೆನ್ನು ಒಂದು ಕಡೆ. ಮೈ ಜಾರುತ್ತಿತ್ತು, ಇನ್ನೇನು ಬೀಳಬೇಕು. ಅವಳು ಅವನನ್ನು ತೋಳಲ್ಲಿ ಹಿಡಿದು ಕೆಳಗಿನ ಚಾಪೆಗೆ ಇಳಿಸಿದಳು. ಗಂಟೆ ಬಡಿಯಿತು. ಏನೂ ಯೋಚಿಸದೆ ಧಪ್ಪೆಂದು ತಾನೇ ಕುರ್ಚಿಯ ಮೇಲೆ ಕೂತಳು. ಗಂಟೆ ನಿಂತಿತು.

ಮಗ ಕಣ್ಣು ತೆರೆದು ನೋಡಿದ. ಕುರ್ಚಿಯಲ್ಲಿ ಸೆರಗು ಬಿಗಿದುಕೊಂಡು ಕೂತ ಅವ್ವನನ್ನು ಕಂಡು, ಎಷ್ಟೋ ತಿಂಗಳ ಮೇಲೆ, ನಕ್ಕ.

"ಅವ್ವಾ, ಐಐಟಿ ನಿನಗ ಸಿಗ್ತೈತಿ ನೋಡು."

"ಸುಮ್ನ ಮಲಗು ಮಾರಾಯಾ."

ಅಂದಿನಿಂದ ಅದೇ ರೂಢಿಯಾಯಿತು. ಉಂಡ ಮೇಲೆ ಮಗ ಚಾಪೆಯ ಮೇಲೆ, ತಾಯಿ ಕುರ್ಚಿಯ ಮೇಲೆ. ಅಲ್ಲೇ ಕೂತು ಅಕ್ಕಿ ಆರಿಸಿದಳು, ಮೆಂತ್ಯೆ ಸೊಪ್ಪು ಬಿಡಿಸಿದಳು, ಲಂಗದ ಅಂಚು ಹೊಲಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಪುಣೆಯಿಂದ ಮಗಳು ಫೋನು ಮಾಡಿ "ಅವ್ವಾ, ಕುರ್ಚಿ ತಗಿಸಿದ್ಯಾ?" ಅಂದರೆ, "ತಗಸ್ತೀನಿ" ಅನ್ನುತ್ತಿದ್ದಳು, ಅದೇ ಕುರ್ಚಿಯಲ್ಲಿ ಕೂತು.

"ಇಲ್ಲಿ ಭಾಳ ಮಂದಿ ಬರಾಕತ್ತಾರವ್ವಾ. ನಿನ್ನೆ ಒಬ್ಬ ಅಪ್ಪ ಒಳಗ ಕುಂತು ಅತ್ತ."

"ಅಳ್ಲಿ. ಇಲ್ಲಿ ಅಳೋ ಅಪ್ಪ ಯಾರೂ ಇಲ್ಲ."

ವೈಜನಾಥ ಮಾತ್ರ ಖುಷಿಯಲ್ಲಿದ್ದ. ರಾತ್ರಿ ಊಟಕ್ಕೆ ಕೂತಾಗ ಫೋನು ತೆರೆದು ಮಗ ಕೂತ ಹೊತ್ತನ್ನೆಲ್ಲ ತೋರಿಸುತ್ತಿದ್ದ. ಒಂದು ಸಂಜೆ ಮಗನಿಗೆಂದು ಪುಲ್ಲಾರೆಡ್ಡಿ ಅಂಗಡಿಯ ಮಿಠಾಯಿಯನ್ನೂ ತಂದ. ಶಿವದೇವಿ ತನ್ನ ಪಾಲನ್ನೂ ಮಗನ ತಟ್ಟೆಗೆ ಹಾಕಿದಳು.

ಆಮೇಲೆ ಟೆಸ್ಟಿನ ಮಾರ್ಕ್ಸ್ ಬಂತು. ಹಿಂದಿನದಕ್ಕಿಂತ ಕಡಿಮೆ.

ವೈಜನಾಥ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ಫೋನನ್ನೂ ಮಗನನ್ನೂ ನೋಡಿದ. ಅವನು ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ.

"ನಾ ತಿಳ್ಕೊಂಡಿದ್ದೆ, ಈತ ಕುಂದ್ರಂಗಿಲ್ಲ, ಅದಕ್ಕ ಮಾರ್ಕ್ಸ್ ಬರವಲ್ವು ಅಂತ. ಮೈಗಳ್ಳ ಅಂದ್ರ ತಿದ್ದಬಹುದು. ಈಗ ನೋಡಿದ್ರ ಮೂರು ವಾರ ಬರೋಬ್ಬರಿ ಕುಂತಾನ. ನನ್ನ ಕಣ್ಣಾರೆ ನೋಡೀನಿ." ಫೋನನ್ನು ಬೋರಲು ಇಟ್ಟ. "ಇಷ್ಟು ಕುಂತೂ ಇಷ್ಟ ಬಂತಂದ್ರ, ತಲಿನ ಅಷ್ಟ ಐತಿ. ಅದಕ್ಕ ಯಾರೇನು ಮಾಡೂದು."

ಶಿವದೇವಿ ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದಳು. ಬಾಯಿ ತೆರೆದಳು. ಮಧ್ಯಾಹ್ನ ಕೂತವಳು ನಾನ್ರೀ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟೂ ದಿನದ ಕಳ್ಳಾಟ ಬಯಲಾಗುತ್ತದೆ, ನಾಳೆಯಿಂದ ಹುಡುಗನ ನಿದ್ದೆ ಹೋಗುತ್ತದೆ, ಮನೆ ಮತ್ತೆ ರಣರಂಗ. ಮಗನ ಕಡೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ, ಹೇಳುತ್ತಾಳೋ ಎಂದು.

"ಸಾರು ಹಾಕ್ಲಾ?" ಅಂದಳು ಶಿವದೇವಿ.

ಶಾಂತಕುಮಾರ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ತಟ್ಟೆ ತೊಳೆದಿಟ್ಟು, ಕೋಣೆಗೆ ಹೋದ.

ಮರುದಿನ ಮಧ್ಯಾಹ್ನ ಎಂದಿನಂತೆ ಅವನು ಚಾಪೆಗೆ ಇಳಿದ, ಅವಳು ಕುರ್ಚಿಗೆ ಏರಿದಳು. ಮೊರದಲ್ಲಿ ಬೆಳ್ಳುಳ್ಳಿ. ಹುಡುಗ ಮಲಗಲಿಲ್ಲ, ಮೇಲೆ ಫ್ಯಾನು ನೋಡುತ್ತಾ ಬಿದ್ದುಕೊಂಡಿದ್ದ.

"ಅಪ್ಪ ಸಿಟ್ಟಿನಾಗ ಏನೋ ಅಂದಾನ, ಮನಸ್ಸಿಗೆ ಹಚ್ಕೋಬ್ಯಾಡ," ಅಂದಳು.

"ಸಿಟ್ಟಿರಲಿಲ್ಲವ್ವಾ ಅಪ್ಪಗ."

ಸ್ವಲ್ಪ ಹೊತ್ತಿಗೆ ಎದ್ದು ಅಂಗಿ ಸರಿಮಾಡಿಕೊಂಡ. "ನೀ ಕುಂತಿರು. ನಾ ಬಂದೆ."

ಬಚ್ಚಲಿಗೆ ಇರಬೇಕು ಎಂದುಕೊಂಡಳು. ಬಚ್ಚಲಿನ ಬಾಗಿಲು ಸದ್ದಾಗಲಿಲ್ಲ. ಹೊರಬಾಗಿಲ ಚಿಲಕ ಸರಿದ ಸದ್ದಾಯಿತು. ಎದ್ದರೆ ಗಂಟೆ. ಎದ್ದರೆ ಗಂಡನ ಫೋನು, ಎಲ್ಲಿ ಹೋದ ಎನ್ನುತ್ತಾನೆ. ಗಾಳಿಗೆ ಹೋಗಿದ್ದಾನೆ, ಬರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ಒಂದು ಗಡ್ಡೆ ಸುಲಿದಳು. ಇನ್ನೊಂದನ್ನೂ ಸುಲಿದಳು. ಹೆತ್ತವಳಾಗಿ ಅವಳು ಕೂತೇ ಇದ್ದಳು. ಇದನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಕುರ್ಚಿ ಅವಳನ್ನು ಹಿಡಿದುಕೊಂಡಿರಲಿಲ್ಲ.

ಆಮೇಲೆ ಹೊರಗೆ ಮೆಟ್ಟಿಲ ಮೇಲಿನಿಂದ ಟೆರೇಸಿನ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ಮೊರ ನೆಲಕ್ಕೆ ಬಿತ್ತು. ಗಂಟೆ ಬಡಿಯತೊಡಗಿತು, ಅವಳು ಓಡಿದಳು.

ಬಿಸಿಲು ಕಣ್ಣಿಗೆ ಹೊಡೆಯಿತು. ನೀರಿನ ಟಾಕಿ, ಒಣ ಹಾಕಿದ ಬಟ್ಟೆ, ಅದರಾಚೆ ಮೋಟುಗೋಡೆ. ಗೋಡೆಯ ಮೇಲೆ ಶಾಂತಕುಮಾರ, ಕಾಲು ಆಚೆ ಇಳಿಬಿಟ್ಟುಕೊಂಡು ಕೂತಿದ್ದ. ಕೂಗಿದರೆ ಬೆಚ್ಚಿಬಿಡುತ್ತಾನೆಂದು ಅವಳು ಕೂಗಲಿಲ್ಲ. ಬರಿಗಾಲು ಸುಡುವುದೂ ತಿಳಿಯದೆ ಹತ್ತಿರ ಹೋದಳು.

ಅವನು ತಿರುಗಿ ನೋಡಿದ. ಮುಖದಲ್ಲಿ ಗಾಬರಿ ಇತ್ತು, ಆದರೆ ಅದು ಅವಳಿಗಾಗಿ.

"ಯಾಕ ಎದ್ದಿ ಅವ್ವಾ? ಕುಂತಿರು ಅಂದಿದ್ನಲ್ಲ. ಅಪ್ಪಗ ಗೊತ್ತಾತೀಗ. ಹೋಗು, ಜಲ್ದಿ ಹೋಗಿ ಕುಂದ್ರು."

ಅವಳು ಎರಡೂ ಕೈಯಿಂದ ಅವನ ರಟ್ಟೆ ಹಿಡಿದು ಜಗ್ಗಿದಳು. ಅವನು ಅಡ್ಡಿ ಮಾಡಲಿಲ್ಲ, ಜಗ್ಗಿದ ಕಡೆ ಬಂದ. ಇಬ್ಬರೂ ಟೆರೇಸಿನ ನೆಲದ ಮೇಲೆ ಬಿದ್ದರು. ಅವಳ ಮೊಣಕೈ ತರಚಿ ರಕ್ತ ಬಂತು. ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಂದು ಕೈ ಬಿಡದೆ, ಇನ್ನೊಂದರಿಂದ ಅದನ್ನು ಎತ್ತಿದಳು.

"ಎಷ್ಟ್ ಸಲ ಮಾಡೂದು ಫೋನು? ಕುರ್ಚಿ ಖಾಲಿ ಐತಿ. ಎದ್ದಾನಲ್ಲ, ಕುಂದ್ರಸು ಅವನ್ನ."

"ಎದ್ದಾಕಿ ನಾನ್ರೀ."

"ಏನು?"

"ಮಧ್ಯಾಹ್ನದಾಗೆಲ್ಲ ಕುಂತಾಕಿ ನಾನ. ಅವ ಅಲ್ಲ. ಅವ ಮಲಗಿರ್ತಿದ್ದ. ನಿನ್ನೆ ನೀವು ತಲಿ ಇಲ್ಲ ಅಂದ್ರಲ್ಲ, ಅದು ನನ್ನ ಲೆಕ್ಕಾರೀ, ಅವಂದಲ್ಲ. ನಾ ಬಾಯಿ ಬಿಡಲಿಲ್ಲ. ನನ್ನ ಬಾಯಾಗ ಮಣ್ಣು ಬೀಳ್ಲಿ, ನಾ ಹೇಳಲಿಲ್ಲ." ಅವಳು ಗೋಳೋ ಎಂದು ಅಳುತ್ತಿದ್ದಳು.

ಆ ಕಡೆ ಯಾವುದೋ ಲಿಫ್ಟಿನ ಬಾಗಿಲು ಮುಚ್ಚಲಾಗದೆ ಟಕ್ ಟಕ್ ಎನ್ನುತ್ತಿತ್ತು. ವೈಜನಾಥನ ದನಿ ಬಂದಾಗ ಅದು ಅವನದೆಂದು ಗುರುತು ಸಿಗಲಿಲ್ಲ.

"ಅವ ಎಲ್ಲಿದ್ದಾನ ಈಗ?"

"ಮಾಳಗಿ ಮ್ಯಾಲ. ಗ್ವಾಡಿ ಮ್ಯಾಲ ಕುಂತಿದ್ದರೀ. ನಾ ಹಿಡ್ಕೊಂಡೀನಿ."

"ಬಿಡಬ್ಯಾಡ." ಅವನು ಓಡುತ್ತಿದ್ದ, ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. "ನಾ ಬರಾಕತ್ತೀನಿ. ಶಿವಾ, ನಾ ಬರೂತನಕ ಕೈ ಬಿಡಬ್ಯಾಡ. ನಿನಗ ಕೈ ಮುಗೀತೀನಿ."

ಮಣಿಕೊಂಡದಿಂದ ಲಿಂಗಂಪಲ್ಲಿಗೆ ಆ ಹೊತ್ತಿನ ಟ್ರಾಫಿಕ್ಕು ಎಂಥದೆಂದು ಅವಳಿಗೆ ಗೊತ್ತಿತ್ತು. ಫೋನು ಕೆಳಗಿಟ್ಟು ಆ ಕೈಯನ್ನೂ ಮಗನ ರಟ್ಟೆಗೆ ಹಾಕಿದಳು.

"ಅಪ್ಪ ಏನಂದ?" ಅಂದ ಹುಡುಗ.

"ಬರಾಕತ್ತಾನ."

"ಬೈದ್ನಾ ನಿನಗ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಬಹಳ ಹೊತ್ತು ಅವಳ ಬೆರಳುಗಳನ್ನೇ ನೋಡಿದ. ಅವು ರಟ್ಟೆಯಲ್ಲಿ ಹೂತು ಸುತ್ತಲಿನ ಚರ್ಮ ಬೆಳ್ಳಗಾಗಿತ್ತು.

"ಬಿಡವ್ವಾ, ನೋವಾಗಾಕತ್ತೈತಿ."

ಅವಳು ಬಿಡಲಿಲ್ಲ.